ನಕ್ಷೆ ಬರೆದ ಹೆಣ್ಣುಮಕ್ಕಳು: ಬಾಗಲಕೋಟೆ ಜಿಲ್ಲೆಯಲ್ಲಿ ಕೆಎಚ್‌ಪಿಟಿ

ಬಾಗಲಕೋಟೆ ಜಿಲ್ಲೆಯ ಆರೋಗ್ಯದ ಚರಿತ್ರೆ ಬರೆಯಲು ಕೂತವರು 2003ರ ಒಂದು ಸಮೀಕ್ಷೆಯನ್ನು ದಾಟಿ ಮುಂದೆ ಹೋಗುವಂತಿಲ್ಲ. ಅಲ್ಲಿಯವರೆಗೆ ಎಚ್‌ಐವಿ ಎಷ್ಟಿದೆ ಎಂದು ಅಂದಾಜು ಕಟ್ಟುತ್ತಿದ್ದದ್ದು ಆಸ್ಪತ್ರೆಗೆ ಬಂದ ಗರ್ಭಿಣಿಯರ ರಕ್ತ ನೋಡಿ. ಈ ಸಮೀಕ್ಷೆಯವರು ಹಳ್ಳಿಗೂ ಓಣಿಗೂ ಹೋಗಿ, ಮನೆಯಲ್ಲಿದ್ದ ಗಂಡಸರು ಹೆಂಗಸರನ್ನು ಮಾತಾಡಿಸಿ, ಒಪ್ಪಿದವರ ರಕ್ತ ಪರೀಕ್ಷಿಸಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ತಗುಲಿತ್ತು. ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರನ್ನು ದಾಟಿದರೇ ಆ ಜಿಲ್ಲೆಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸುತ್ತಿದ್ದ ಕಾಲ ಅದು. ಅದಕ್ಕಿಂತ ಹೆಚ್ಚು ದಂಗುಬಡಿಸಿದ್ದು ಇನ್ನೊಂದು ಸಂಗತಿ: ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಸೋಂಕು ಹೆಚ್ಚಿತ್ತು.

ಏಡ್ಸ್ ಎಂದರೆ ಮುಂಬಯಿಯ ಬ್ಯಾನಿ, ಲಾರಿ ಡ್ರೈವರುಗಳ ಬ್ಯಾನಿ, ಲಾಡ್ಜುಗಳ ಬ್ಯಾನಿ ಎಂದು ನಂಬಿದ್ದವರಿಗೆ ಇದು ಸುಲಭಕ್ಕೆ ಜೀರ್ಣವಾಗುವ ಸುದ್ದಿಯಾಗಿರಲಿಲ್ಲ. ಆದರೆ ಈ ಸೀಮೆಯ ಹೊಲ, ರಸ್ತೆ, ಗುಡಿಗಳನ್ನು ಬಲ್ಲವರಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬಾದಾಮಿ, ಹುನಗುಂದ ತಾಲ್ಲೂಕುಗಳ ಒಣಬೇಸಾಯದ ಊರುಗಳಿಂದ ಗೋವಾ, ಮಂಗಳೂರು, ಪುಣೆಯ ಕಡೆಗೆ ಗುಳೆ ಹೋಗುವುದು ವರ್ಷಾ ವರ್ಷದ ಮಾತು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಹುನಗುಂದ, ಇಳಕಲ್ಲನ್ನು ಹಾದೇ ಹೋಗುತ್ತದೆ. ಇಳಕಲ್ಲಿನಲ್ಲಿ ಮಗ್ಗದ ಸದ್ದಿನ ಜೊತೆ ಗ್ರಾನೈಟ್ ಕ್ವಾರಿಗಳ ಸದ್ದೂ ಇದೆ; ಕಲ್ಲು ಒಡೆಯಲು, ಹೇರಲು, ಸಾಗಿಸಲು ದೂರದೂರದ ಗಂಡಸರು ಬಂದು ಹೋಗುತ್ತಾರೆ. ಮುಧೋಳ, ಜಮಖಂಡಿಯ ಕಡೆ ಕಬ್ಬಿನ ಹಣವಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗ ಮುಳುಗಿ, ನವನಗರ ಎದ್ದು, ಪರಿಹಾರದ ದುಡ್ಡು ಕೈಗೆ ಬಂದದ್ದೂ ಆ ವರ್ಷಗಳಲ್ಲೇ. ಇವೆಲ್ಲದರ ನಡುವೆ, ಊರ ಅಂಚಿನ ಕೇರಿಗಳಲ್ಲಿ, ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳಿದ್ದರು.

ದೇವದಾಸಿ ಪದ್ಧತಿಯನ್ನು 1934ರಲ್ಲಿ ಮುಂಬಯಿ ಸರ್ಕಾರ, ಮತ್ತೆ 1982ರಲ್ಲಿ ಕರ್ನಾಟಕ ಸರ್ಕಾರ ಕಾನೂನು ಮಾಡಿ ನಿಷೇಧಿಸಿದ್ದವು. ಹಾಗಿದ್ದೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ಮಂದಿ ದೇವದಾಸಿಯರನ್ನು ಗುರುತಿಸಿದವು. ರಾಜ್ಯದ 10 ಜಿಲ್ಲೆಗಳ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಈ ಪದ್ಧತಿಯ ಮೂಲಕವೇ ಬಂದವರು. ಇವರಲ್ಲಿ ಬಹಳ ಮಂದಿಗೆ ನಗರದ ಬೀದಿಯೂ ಗೊತ್ತಿಲ್ಲ, ಲಾಡ್ಜೂ ಗೊತ್ತಿಲ್ಲ. ತವರುಮನೆಯಲ್ಲೇ, ಅವ್ವ-ಅಪ್ಪ, ಮಕ್ಕಳ ಜೊತೆ ಇರುವವರು. ಹೊಲಕ್ಕೆ ಕೂಲಿಗೂ ಹೋಗುತ್ತಾರೆ. ಕೆಂಪು ದೀಪದ ಓಣಿ ಎಲ್ಲಿದೆ ಎಂದು ಹುಡುಕಿಕೊಂಡು ಬರುವ ಯೋಜನೆಗೆ ಇವರು ಕಣ್ಣಿಗೇ ಬೀಳುವುದಿಲ್ಲ.

2003ರ ಆ ಎಚ್‌ಐವಿ ಸಮೀಕ್ಷೆ ಮಾಡಿಸಿದ್ದು ಇಂಡಿಯಾ-ಕೆನಡಾ ಸಹಯೋಗದ ಎಚ್‌ಐವಿ/ಏಡ್ಸ್ ಯೋಜನೆ. ಇಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ‘ಐಚಾಪ್’ ಎಂದೇ. ಕೆನಡಾ ಸರ್ಕಾರದ ಹಣ, ವಿನ್ನಿಪೆಗ್‌ನ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಉಸ್ತುವಾರಿ. ಕರ್ನಾಟಕ ಮತ್ತು ರಾಜಸ್ಥಾನದಲ್ಲಿ 2001ರಲ್ಲಿ ಕೆಲಸ ಶುರು. ಹಳ್ಳಿಗಾಡಿನಲ್ಲಿ ಏನು ಮಾಡಬಹುದೆಂದು ಮಾಡಿ ತೋರಿಸಲು ಆರಿಸಿಕೊಂಡ ಜಿಲ್ಲೆ ಬಾಗಲಕೋಟೆ. ಆಗ ಜಿಲ್ಲೆಗೆ ಇನ್ನೂ ನಾಲ್ಕೇ ವರ್ಷ. ವಿಜಾಪುರದಿಂದ ಬೇರೆಯಾದದ್ದು 1997ರಲ್ಲಿ.

ಮ್ಯಾನಿಟೋಬಾದವರು ಬರಿಗೈಯಲ್ಲಿ ಬಂದವರಲ್ಲ. 1980ರಿಂದ ಅವರು ಕೆನ್ಯಾದ ನೈರೋಬಿ ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡುತ್ತಿದ್ದರು. ಅಲ್ಲಿಯ ಪುಮ್ವಾನಿ ಮಜೆಂಗೊ ಎಂಬ ಬಡವರ ಬಡಾವಣೆಯಲ್ಲಿ 1985ರ ಹೊತ್ತಿಗೆ ಲೈಂಗಿಕ ಕಾರ್ಯಕರ್ತೆಯರ ರಕ್ತ ನೋಡಿದಾಗ ಮೂವರಲ್ಲಿ ಇಬ್ಬರಿಗೆ ಸೋಂಕಿತ್ತು. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತಲೆ ಕೆಡಿಸಿಕೊಳ್ಳುತ್ತಿರುವಾಗ ಎಲಿಜಬೆತ್ ಎನ್‌ಗುಗಿ ಎಂಬ ಸಮುದಾಯ ಆರೋಗ್ಯ ನರ್ಸ್ ಆ ಹೆಂಗಸರನ್ನು ‘ಬರಾಜಾ’ ಎಂಬ ಬಯಲ ಸಭೆಗಳಲ್ಲಿ ಕೂಡಿಸಿದರು. ಅವರೊಳಗಿನಿಂದಲೇ ಮುಂದಾಳುಗಳನ್ನು ಆರಿಸಿ, ನಿರೋಧದ ಮಾತನ್ನು ಅವರ ಬಾಯಿಂದಲೇ ಆಡಿಸಿದರು. ಹೀಗೆ ಗೆಳತಿಯಿಂದ ಗೆಳತಿಗೆ ಹೋಗುವ ದಾರಿ ನೈರೋಬಿಯಲ್ಲಿ ತೆರೆಯಿತು. 1992ರಿಂದ ಕಲ್ಕತ್ತೆಯ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಅದೇ ಬಗೆಯ ಕೆಲಸ ನಡೆಸಿದರು. ಗಡಿಯಾಚೆ ಸಾಂಗ್ಲಿಯಲ್ಲಿ ಮೀನಾ ಶೇಷು ಅವರ ‘ಸಂಗ್ರಾಮ’, ಅದರ ಒಡಲಿಂದ 1996ರಲ್ಲಿ ಹುಟ್ಟಿದ ‘ವ್ಯಾಂಪ್’ ಎಂಬ ಮಹಿಳೆಯರದೇ ಸಂಘಟನೆ ಇದ್ದವು. ಇವೆಲ್ಲ ಪಟ್ಟಣದ ಅನುಭವಗಳು. ಹಳ್ಳಿಯಲ್ಲಿ, ಅದೂ ಒಂದೊಂದು ಊರಲ್ಲಿ ಹತ್ತು-ಹದಿನೈದು ಮಂದಿ ಚೆದುರಿಕೊಂಡಿರುವಲ್ಲಿ ಇದನ್ನು ನಡೆಸುವುದು ಹೇಗೆ? ಬಾಗಲಕೋಟೆಯ ಹಳ್ಳಿಗಳು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಅದು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊರಗಿನಿಂದ ಸಂಸ್ಥೆಗಳು ಬರುವ ಮೊದಲು ಈ ನೆಲದಲ್ಲಿ ಜನರ ಆರೋಗ್ಯದ ಕಾಳಜಿ ಇರಲಿಲ್ಲ ಎಂಬಂತೆ ವರದಿಗಳು ಬರೆಯುತ್ತವೆ. ಹಾಗೇನಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದರು. ಜೋಳಿಗೆಗೆ ಕಾಳು-ಕಡಿ ಬೇಡಲಿಲ್ಲ. ಕುಡಿತ, ಬೀಡಿ, ಗುಟಕಾ ಹಾಕಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕೆಲಸ ಬಿಡಲಿಲ್ಲ. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಉಪದೇಶ ಮಾಡುವವನು ಮೇಲೆ ನಿಂತು ಕೊಡುವ ಬದಲು ಬಾಗಿಲಲ್ಲಿ ನಿಂತು ಬೇಡಿದರೆ ಕೇಳಿಸಿಕೊಳ್ಳುವ ಕಿವಿಯೇ ಬೇರೆ ಎನ್ನುವುದನ್ನು ಇಳಕಲ್ ಸೀಮೆ ಆಗಲೇ ಕಂಡಿತ್ತು. ಆದರೆ ಜೋಳಿಗೆಯೂ ಹೋಗದ ಮನೆಗಳಿದ್ದವು, ಯಾರೂ ಬಾಯಿಬಿಟ್ಟು ಆಡದ ಬ್ಯಾನಿಗಳಿದ್ದವು.

ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಅಂದರೆ ಕೆಎಚ್‌ಪಿಟಿ, ಹುಟ್ಟಿದ್ದು 2003ರಲ್ಲಿ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೂಡಿ ಕಟ್ಟಿದ ಲಾಭದಾಸೆಯಿಲ್ಲದ ಸಂಸ್ಥೆ ಇದು. ಗೇಟ್ಸ್ ಫೌಂಡೇಶನ್ನಿನ ‘ಆವಾಹನ್’ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾದಾಗ ಕರ್ನಾಟಕದ ಬಹುಪಾಲು ಜಿಲ್ಲೆಗಳ ಹೊಣೆ ಈ ಟ್ರಸ್ಟಿನ ಮೇಲೆ ಬಿತ್ತು. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಗಡಿ ಜಿಲ್ಲೆಗಳಿಗೆಂದೇ ‘ಕಾರಿಡಾರ್ಸ್’ ಎಂಬ ಬೇರೆ ಯೋಜನೆಯೂ ಇತ್ತು. ಜನ ರಾಜ್ಯದ ಗಡಿ ನೋಡಿ ಬಸ್ ಹತ್ತುವುದಿಲ್ಲವಲ್ಲ. 2004ರ ಜೂನ್‌ನಲ್ಲಿ ಗೋವಾದ ಬೈನಾ ಬೀಚಿನ ಕೆಂಪು ದೀಪದ ಕೇರಿಯ ಗುಡಿಸಲುಗಳನ್ನು ಸರ್ಕಾರ ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕಡಿಮೆಯಿರಲಿಲ್ಲ.

ಕೆಲಸ ಶುರುವಾದದ್ದು ನಕ್ಷೆಯಿಂದ. ಸರ್ವೇ ಇಲಾಖೆಯ ನಕ್ಷೆಯಲ್ಲಿ ಊರಿನ ಕೇರಿ ಇರುತ್ತದೆ, ಕೇರಿಯೊಳಗಿನ ವ್ಯವಹಾರ ಇರುವುದಿಲ್ಲ. ಹಾಗಾಗಿ ಆ ವ್ಯವಹಾರದಲ್ಲಿದ್ದ ಹೆಂಗಸರನ್ನೇ ಕೂಡಿಸಿ ದೊಡ್ಡ ಹಾಳೆಯ ಮೇಲೆ ಊರನ್ನು ಬರೆಸಿದರು. ಬಸ್ ಸ್ಟ್ಯಾಂಡ್ ಎಲ್ಲಿ, ಸಾರಾಯಿ ಅಂಗಡಿ ಎಲ್ಲಿ, ಸಂತೆ ಯಾವ ವಾರ, ಯಾವ ಮನೆಯಲ್ಲಿ ಎಷ್ಟು ಜನ, ಯಾರು ಸುಗ್ಗಿ ಮುಗಿದ ಮೇಲೆ ಪುಣೆಗೆ ಹೋಗುವವರು, ಯಾರು ಎಲ್ಲೂ ಹೋಗದವರು. ಒಬ್ಬ ಅಧಿಕಾರಿ ವರ್ಷವಿಡೀ ಕೇಳಿದರೂ ಸಿಗದ ವಿವರ ಅರ್ಧ ದಿನದಲ್ಲಿ ಹಾಳೆಯ ಮೇಲೆ ಮೂಡುತ್ತಿತ್ತು.

ಅವರಲ್ಲೇ ಕೆಲವರು ‘ಪೀರ್’, ಅಂದರೆ ಗೆಳತಿ-ಕಾರ್ಯಕರ್ತೆಯರು, ಆದರು. ಒಬ್ಬ ಪೀರ್‌ಗೆ ಐವತ್ತು-ಅರವತ್ತು ಮಂದಿಯ ಹೊಣೆ. ಇದರ ತಿರುಳು ಇದ್ದದ್ದು ಒಂದು ಕಾರ್ಡಿನಲ್ಲಿ. ಸಾಲಿಗೊಬ್ಬಳು ಹೆಣ್ಣುಮಗಳು, ವಾರಕ್ಕೆ ಎಷ್ಟು ಗಿರಾಕಿ, ಅದಕ್ಕೆ ಎಷ್ಟು ನಿರೋಧ ಬೇಕು, ಎಷ್ಟು ಕೊಟ್ಟಾಯಿತು, ಕ್ಲಿನಿಕ್ಕಿಗೆ ಹೋಗಿ ಎಷ್ಟು ದಿನವಾಯಿತು, ಹೊಡೆತ-ಬಡಿತ ಏನಾದರೂ ಆಯಿತೇ. ಪೀರ್‌ಗಳಲ್ಲಿ ಎಷ್ಟೋ ಮಂದಿಗೆ ಅಕ್ಷರ ಬಾರದು. ಆದ್ದರಿಂದ ಕಾರ್ಡಿನಲ್ಲಿ ಚಿತ್ರಗಳು, ಗೀಟುಗಳು, ಚುಕ್ಕಿಗಳು. ಹತ್ತು ಗಿರಾಕಿಗೆ ನಾಲ್ಕೇ ನಿರೋಧ ತಲುಪಿದ್ದರೆ ಆ ಸಾಲು ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಮುಂದಿನ ವಾರ ಮೊದಲು ಹೋಗಬೇಕಾದ ಮನೆ ಅದು. ಯೋಜನೆಯ ಭಾಷೆಯಲ್ಲಿ ಇದಕ್ಕೆ ‘ಮೈಕ್ರೋಪ್ಲ್ಯಾನಿಂಗ್’ ಎಂಬ ದೊಡ್ಡ ಹೆಸರು. ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಬೇರೆ: ಇಷ್ಟು ದಿನ ಯಾರ ಲೆಕ್ಕವನ್ನು ಬೇರೆಯವರು ಬರೆಯುತ್ತಿದ್ದರೋ ಅವರೇ ಲೆಕ್ಕ ಬರೆದರು, ಓದಿದರು, ಮುಂದಿನ ಹೆಜ್ಜೆ ತೀರ್ಮಾನಿಸಿದರು. ಈ ಜಿಲ್ಲೆಯಲ್ಲಿ ಟ್ರಸ್ಟಿನ ಮುಖ್ಯ ಸಾಧನೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಕಾರ್ಡನ್ನು.

ನಿರೋಧ ಹಂಚಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಬೇಗ ಬುದ್ಧಿ ಬಂತು. ಪೊಲೀಸರು ಹಿಡಿದೊಯ್ದ ದಿನ, ಪುಂಡರು ಹೊಡೆದ ರಾತ್ರಿ, ಚೀಲದಲ್ಲಿದ್ದ ನಿರೋಧವೇ ಅಪರಾಧದ ಸಾಕ್ಷಿಯಾದಾಗ, ಆರೋಗ್ಯ ಶಿಕ್ಷಣ ಯಾರಿಗೆ ಬೇಕು? ಅದಕ್ಕೇ ಕಷ್ಟಕಾಲಕ್ಕೆ ಕೂಡಲೇ ಓಡುವ ತಂಡಗಳು, ವಕೀಲರ ನೆರವು, ಠಾಣೆಗಳಲ್ಲಿ ತಿಳಿವಳಿಕೆ ಸಭೆಗಳು ಬಂದವು. ಅದಕ್ಕೇ ಸಂಘಗಳೂ ಬಂದವು. ಮುಧೋಳದ ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’ ಹಾಗೆ ಎದ್ದು ನಿಂತದ್ದು. ಹೆಸರಿನಲ್ಲೇ ಏಡ್ಸ್ ಇಟ್ಟುಕೊಂಡು ಊರೊಳಗೆ ಬೋರ್ಡು ಹಾಕುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದು ಆ ವರ್ಷಗಳನ್ನು ಕಂಡವರಿಗೆ ಗೊತ್ತು. ಎಚ್‌ಐವಿ ಬಂದವರಿಗೆ ಬಾಡಿಗೆ ಮನೆ ಸಿಗದ, ಸತ್ತರೆ ಹೆಗಲು ಕೊಡುವವರು ಸಿಗದ ಕಾಲ.

ಹಳ್ಳಿಯ ಉಳಿದ ಜನರ ನಡುವೆ ಕೆಲಸ ಮಾಡಲು ಬೇರೆ ದಾರಿ ಬೇಕಿತ್ತು. ಅದಕ್ಕೆ ಊರವರಲ್ಲೇ ಒಬ್ಬ ಗಂಡು, ಒಬ್ಬ ಹೆಣ್ಣು ಆರಿಸಿ ಕೆಲವು ಹಳ್ಳಿಗಳ ಹೊಣೆ ಕೊಟ್ಟರು. ಕಟ್ಟಿಯ ಮೇಲೆ ಕೂತ ಹುಡುಗರ ಹತ್ತಿರ ಅವನು, ಹಿತ್ತಲಲ್ಲಿ ಕೂತ ಹೆಂಗಸರ ಹತ್ತಿರ ಅವಳು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ, 2007ರ ನಂತರ, ‘ಲಿಂಕ್ ವರ್ಕರ್’ ಎಂಬ ಹೆಸರಲ್ಲಿ ಇದೇ ಬಗೆಯ ಏರ್ಪಾಡು ಹೆಚ್ಚು ಅಪಾಯವಿದ್ದ ಜಿಲ್ಲೆಗಳಿಗೆ, ಜಿಲ್ಲೆಗೆ ನೂರು ಹಳ್ಳಿಯಂತೆ, ಬಂತು. ಬಾಗಲಕೋಟೆಯ ಹಳ್ಳಿಗಳಲ್ಲಿ ಕಲಿತದ್ದು ಅದರ ಹಿಂದಿದೆ. ಜಾತ್ರೆಗಳೂ ಕೆಲಸಕ್ಕೆ ಬಂದವು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ತಿಂಗಳುಗಟ್ಟಲೆ ನಾಟಕ ಕಂಪನಿಗಳು ಟೆಂಟು ಹಾಕಿ ಕೂರುತ್ತವೆ. ರಾತ್ರಿಯಿಡೀ ನಾಟಕ ನೋಡುವ ಜನಕ್ಕೆ ಬೀದಿನಾಟಕ ಹೊಸದಲ್ಲ. ಅಲ್ಲಿ ಭಾಷಣ ಬಿಗಿದರೆ ಯಾರೂ ನಿಲ್ಲುವುದಿಲ್ಲ, ಹಾಡು-ಹಾಸ್ಯವಿದ್ದರೆ ನಿಲ್ಲುತ್ತಾರೆ. ಪೋಸ್ಟರುಗಳಿಗೆ ಸುರಿದ ಹಣದ ಒಂದಿಷ್ಟು ಪಾಲು ಇದಕ್ಕೆ ಹೋಗಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ನನ್ನ ಅನಿಸಿಕೆ.

2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಆದರೆ ಮೊದಲು ಕೇಂದ್ರಗಳಿದ್ದದ್ದು ದೇಶದ ಎಂಟು ಕಡೆ ಮಾತ್ರ. ನಮ್ಮ ರಾಜ್ಯದ ಪಾಲಿಗೆ ಬೆಂಗಳೂರು. ಹುನಗುಂದದ ಕೂಲಿಯವರಿಗೆ ಅದು ಒಂದು ರಾತ್ರಿಯ ಬಸ್ಸು, ಒಂದು ವಾರದ ಕೂಲಿ. ಕ್ರಮೇಣ ಕೇಂದ್ರಗಳು ಜಿಲ್ಲೆಗಳಿಗೆ ಬಂದವು, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೂ ಬಂತು. 2006ರಿಂದ 2011ರವರೆಗೆ ಅಮೆರಿಕದ ಯುಎಸ್‌ಏಡ್ ನೆರವಿನಲ್ಲಿ ಟ್ರಸ್ಟ್ ನಡೆಸಿದ ‘ಸಮಸ್ತ’ ಯೋಜನೆ, ಸೋಂಕಿತರನ್ನು ಚಿಕಿತ್ಸೆಗೆ ಹಚ್ಚುವುದು, ಗುಳಿಗೆ ಬಿಡದಂತೆ ನೋಡಿಕೊಳ್ಳುವುದು, ಸೋಂಕಿತರ ಸಂಘಗಳನ್ನು ಬಲಪಡಿಸುವುದು ಇಂಥ ಕೆಲಸಕ್ಕೆ ಒತ್ತು ಕೊಟ್ಟಿತು. ಗುಳಿಗೆ ಕೈಗೆ ಬಂದ ಮೇಲೆ ಜನ ಪರೀಕ್ಷೆಗೆ ಹೆದರುವುದೂ ಕಡಿಮೆಯಾಯಿತು. ಬದುಕುವ ದಾರಿಯೇ ಇಲ್ಲದಿದ್ದಾಗ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು?

ಎಚ್‌ಐವಿಗೆಂದು ಹುಟ್ಟಿದ ಸಂಸ್ಥೆ ತಾಯಿ-ಮಗುವಿನ ಕಡೆ ಹೊರಳಿದ್ದು 2009ರಲ್ಲಿ, ‘ಸುಕ್ಷೇಮ’ ಯೋಜನೆಯಿಂದ. ಬಾಗಲಕೋಟೆ, ವಿಜಾಪುರ, ಕೊಪ್ಪಳ, ರಾಯಚೂರು, ಬಳ್ಳಾರಿ, ಕಲಬುರಗಿ, ಬೀದರ, ಯಾದಗಿರಿ: ಎಂಟು ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ಸಿಸ್ಟರುಗಳಿಗೆ ಕೈಹಿಡಿದು ಕಲಿಸುವ ಅನುಭವಿ ನರ್ಸುಗಳನ್ನು ಕಳಿಸಿದ್ದು, ಹೆರಿಗೆಯ ಕೇಸ್‌ಶೀಟನ್ನು ಹಂತಹಂತವಾಗಿ ಏನು ಮಾಡಬೇಕೆಂದು ನೆನಪಿಸುವಂತೆ ತಿದ್ದಿದ್ದು ಇದರ ಒಂದು ಮಗ್ಗುಲು. ಇನ್ನೊಂದು ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ಪುಸ್ತಕ. ಊರಿನ ಪ್ರತಿ ಮನೆ ಬರೆದು, ಯಾರಿಗೆ ಎಷ್ಟು ತಿಂಗಳು, ಯಾರಿಗೆ ಸೂಜಿ ಆಗಿಲ್ಲ, ಯಾರು ಹೆರಿಗೆಗೆ ತವರಿಗೆ ಹೋಗಿದ್ದಾರೆ ಎಂದು ಜಾಡು ಹಿಡಿಯುವ ಪುಸ್ತಕ. ಅದನ್ನು ಮೊದಲು ಪ್ರಯೋಗಿಸಿ ನೋಡಿದ್ದು ಬಾಗಲಕೋಟೆ ಮತ್ತು ಕೊಪ್ಪಳದಲ್ಲಿ. ಪೀರ್‌ಗಳ ಕಾರ್ಡನ್ನೂ ಆಶಾಗಳ ಈ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ರಕ್ತಸಂಬಂಧ ಕಾಣುತ್ತದೆ. ಕೇರಿಯ ಹೆಣ್ಣುಮಕ್ಕಳಿಂದ ಕಲಿತದ್ದು ಇಡೀ ಊರಿನ ಬಾಣಂತಿಯರಿಗೆ ಉಪಯೋಗಕ್ಕೆ ಬಂತು. ಇದನ್ನು ಯಾವ ವರದಿಯೂ ಹೀಗೆ ಹೇಳಿದ್ದನ್ನು ನಾನು ಕಂಡಿಲ್ಲ.

ಸ್ಮರಣ ಸಂಚಿಕೆಗಳಲ್ಲಿ ಸೋತ ಕಥೆಗಳಿಗೆ ಜಾಗ ಸಿಗುವುದು ಅಪರೂಪ. ಎರಡನ್ನಾದರೂ ಇಲ್ಲಿ ಬರೆಯಬೇಕು. ಮೊದಲನೆಯದು ‘ಸಮತಾ’. ವಿಜಯಪುರ (ಹಿಂದಿನ ವಿಜಾಪುರ), ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಏಳನೆಯ ಇಯತ್ತೆ ಮುಗಿಸಿ ಹೈಸ್ಕೂಲಿಗೆ ಹೋಗಲಿ, ಎಳೆ ವಯಸ್ಸಿನಲ್ಲಿ ಮದುವೆಯಾಗದಿರಲಿ, ಮುತ್ತಿನ ದಾರಿ ಹಿಡಿಯದಿರಲಿ ಎಂಬುದು ಆಸೆ. 80 ಊರುಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮಾತ್ರ ಕೆಲಸ ಮಾಡಿ, 2017ರಲ್ಲಿ ಎರಡನ್ನೂ ಹೋಲಿಸಿದರು. ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯೋಜನೆಯಿಲ್ಲದ ಊರುಗಳಲ್ಲೂ ಹುಡುಗಿಯರು ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಶಾಲೆಯಲ್ಲಿ ಉಳಿದಿದ್ದರು. ಕಾಲವೇ ಯೋಜನೆಗಿಂತ ಮುಂದೆ ಓಡಿದರೆ ಅದನ್ನು ಸೋಲೆನ್ನಬೇಕೋ ಸಂತೋಷವೆನ್ನಬೇಕೋ.

ಎರಡನೆಯದು ‘ಸಂವೇದನಾ ಪ್ಲಸ್’. ಚೈತನ್ಯ ಸಂಘದ ಜೊತೆ ಕೂಡಿ ಜಿಲ್ಲೆಯ 47 ಹಳ್ಳಿಗಳಲ್ಲಿ ನಡೆಸಿದ ಕೆಲಸ. ಗಿರಾಕಿಗಳ ಜೊತೆ ನಿರೋಧ ಬಳಸುವ ಹೆಣ್ಣುಮಗಳು ತನ್ನವನು ಎಂದುಕೊಂಡ ಗಂಡಸಿನ ಜೊತೆ ಬಳಸುವುದಿಲ್ಲ. ಅತಿ ಹೆಚ್ಚು ಏಟು ಬೀಳುವುದೂ ಅವನ ಕೈಯಿಂದಲೇ. ಅದಕ್ಕೇ ಹೆಂಗಸರ ಜೊತೆಗೆ ಆ ಗಂಡಸರನ್ನೂ ಕೂಡಿಸಿ ಗುಂಪು ಚರ್ಚೆ ನಡೆಸಿದರು. ಕೊನೆಗೆ ಅಳೆದಾಗ ಹೊಡೆತ ಕಡಿಮೆಯಾಗಿರಲಿಲ್ಲ, ನಿರೋಧದ ಬಳಕೆ ಹೆಚ್ಚಿರಲಿಲ್ಲ. ಹೆಚ್ಚಿದ್ದು ಹೆಂಗಸರ ಒಗ್ಗಟ್ಟು, ಏಟು ತಿನ್ನುವುದು ಸಹಜವಲ್ಲ ಎಂಬ ತಿಳಿವಳಿಕೆ, ತಪ್ಪಿಸಿಕೊಳ್ಳುವ ದಾರಿಗಳ ಅರಿವು. ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಸಂಸ್ಥೆಯ ಹೆಚ್ಚುಗಾರಿಕೆ. ಒಂದೆರಡು ವರ್ಷದ ಸಭೆಗಳಿಂದ ತಲೆಮಾರುಗಳ ಸಂಬಂಧ ಬದಲಾದೀತೆಂದು ಎಣಿಸಿದ್ದು ಹಣ ಕೊಟ್ಟವರ ಅವಸರ. ಆ ಗಂಡಸರಲ್ಲಿ ಬಹುತೇಕರಿಗೆ ಮನೆಯಲ್ಲಿ ಕಟ್ಟಿಕೊಂಡ ಹೆಂಡತಿ ಇರುತ್ತಾಳೆ. ಈ ಹೆಣ್ಣಿಗೆ ಅವನ ಹೆಸರು, ಆಸ್ತಿ ಎರಡೂ ಸಿಗುವುದಿಲ್ಲ. ಅವನನ್ನು ಕಳೆದುಕೊಳ್ಳುವ ಭಯವಿರುವಲ್ಲಿ ನಿರೋಧದ ಮಾತು ಎತ್ತುವುದು ಹೇಗೆ?

2009ರಿಂದ 2013ರವರೆಗೆ ಆವಾಹನ್ ತನ್ನ ಕೆಲಸವನ್ನೆಲ್ಲ ಹಂತಹಂತವಾಗಿ ಸರ್ಕಾರಕ್ಕೆ ಒಪ್ಪಿಸಿತು. ಅದೇ ಕಾಲಕ್ಕೆ ಕರ್ನಾಟಕದ ಪೀರ್‌ಗಳ ಮೈಕ್ರೋಪ್ಲ್ಯಾನಿಂಗ್ ಕೆನ್ಯಾಕ್ಕೆ ಹೋಯಿತು. ಇಲ್ಲಿ ಪಳಗಿದವರು ಅಲ್ಲಿಯ ಸರ್ಕಾರಿ ಏಡ್ಸ್ ಕಾರ್ಯಕ್ರಮದ ಜೊತೆ ನಿಂತು, ಅಲ್ಲಿಯ ಲೈಂಗಿಕ ಕಾರ್ಯಕರ್ತೆಯರ ಗುಂಪುಗಳಿಗೆ ಕಾರ್ಡು ತುಂಬುವುದನ್ನು ಕಲಿಸಿದರು. ಮಜೆಂಗೊದಲ್ಲಿ ಹುಟ್ಟಿದ ವಿಚಾರ ಸೋನಾಗಾಚಿ, ಸಾಂಗ್ಲಿಗಳ ಅನುಭವ ಕೂಡಿಸಿಕೊಂಡು, ಮುಧೋಳ-ಹುನಗುಂದದ ಹಳ್ಳಿಗಳಲ್ಲಿ ಲೆಕ್ಕದ ಶಿಸ್ತು ಕಲಿತು ತವರಿಗೆ ತಿರುಗಿದಂತಾಯಿತು. ವಿನ್ನಿಪೆಗ್‌ನ, ಬೆಂಗಳೂರಿನ ಪ್ರಬಂಧಗಳಲ್ಲಿ ಇದರ ಚರಿತ್ರೆ ಸಾಕಷ್ಟು ಬಂದಿದೆ. ಅವುಗಳಲ್ಲಿ ವೈದ್ಯರ ಹೆಸರಿದೆ, ಸಂಶೋಧಕರ ಹೆಸರಿದೆ; ನಕ್ಷೆ ಬರೆದವರದ್ದು ಇಲ್ಲ. ಹೆಸರು ಬರೆಯಬಾರದು ಎಂಬುದಕ್ಕೆ ಕಾರಣವೂ ಇದೆ, ಗೊತ್ತು. ಕನ್ನಡದಲ್ಲಂತೂ ಹೆಸರಿಲ್ಲದೆಯೂ ಈ ಕಥೆ ಸರಿಯಾಗಿ ಬಂದಿಲ್ಲ.

ಈಗ ಕೆಲಸದ ಸ್ವರೂಪವೇ ಬದಲಾಗಿದೆ. ಅಂದಿನ ಪೀರ್‌ಗಳಿಗೆ ಐವತ್ತು ದಾಟಿದೆ. ಅವರ ಮಾತು ಈಗ ದೇವದಾಸಿ ಮಾಸಾಶನ, ಬಿಪಿ, ಶುಗರ್, ಮಗಳ ಕಾಲೇಜು, ಮಗನ ಮದುವೆ. ಹೊಸ ತಲೆಮಾರಿನವರು ಬಸ್ ಸ್ಟ್ಯಾಂಡಿನಲ್ಲೂ ಸಿಗುವುದಿಲ್ಲ, ಕೇರಿಯಲ್ಲೂ ಸಿಗುವುದಿಲ್ಲ; ವ್ಯವಹಾರವೆಲ್ಲ ಮೊಬೈಲಿನಲ್ಲಿ, ನಂಬರು ಆರು ತಿಂಗಳಿಗೊಮ್ಮೆ ಬದಲು. ಹಾಳೆಯ ಮೇಲೆ ಗುರುತು ಹಾಕೋಣವೆಂದರೆ ಜಾಗವೇ ಇಲ್ಲ. ಹೊಸ ನಕ್ಷೆ ಹೇಗಿರಬೇಕು ಎಂದು ಟ್ರಸ್ಟೂ ಸಂಘಗಳೂ ಮತ್ತೆ ಆ ಹುಡುಗಿಯರನ್ನೇ ಕೇಳಬೇಕು. ಅದಕ್ಕೆ ಮೊದಲು ಅವರು ಫೋನ್ ಎತ್ತಬೇಕು.